ಎತ್ತಿಗಿದ್ದ ಸೋಮವಾರ

ಒಬ್ಬರ ಮನೆಯ ಒಲೆಯ ಮುಂದಿನ ಮಾತನ್ನು ಹೊರಗೆ ಹೇಳಬಾರದು. ಹೇಳಿದರೂ ಅದರೊಳಗೆ ನಾಲ್ಕು ಮತದ ದೇವರನ್ನು ಎಳೆದು ತರಬಾರದು. ಇಲ್ಲಿ ಎರಡು ತಪ್ಪೂ ಆಗಿವೆ. ಓದಿಕೊಂಡವರು, ಆಯಾ ಮತದ ಹಿರಿಯರು ಕ್ಷಮಿಸಬೇಕು. ಇದರಲ್ಲಿ ಬರುವ ಧರ್ಮದ ಮಾತೆಲ್ಲ ಕೊಳ್ಳೇಗಾಲದ ಒಂದು ಹಿತ್ತಲಿನಲ್ಲಿ, ರೇಷ್ಮೆಗೂಡು ಬೇಯುವ ನಾತದ ನಡುವೆ, ಕೈಕೆಲಸ ನಿಲ್ಲಿಸದೆ ಜನ ಆಡಿಕೊಂಡದ್ದು. ಹೆಚ್ಚುಕಡಿಮೆ ಇದ್ದರೆ ಅದು ಆಡಿದವರದಲ್ಲ, ಬರೆದ ಕೈಯದು.

ಸದಾಶಿವಪ್ಪನವರದು ಲಿಂಗಾಯತರ ಬೀದಿಯಲ್ಲಿ ಹಳೆಯ ಹೆಂಚಿನ ಮನೆ. ಮುಂದೆ ಜಗಲಿ, ಜಗಲಿಗೆ ಅಂಟಿದ ಒಂದು ಕೋಣೆ, ಹಿಂದೆ ಹಿತ್ತಲು. ಹಿತ್ತಲಲ್ಲಿ ಒಂದು ಕಡೆ ಕೊಟ್ಟಿಗೆ, ಇನ್ನೊಂದು ಕಡೆ ತಗಡಿನ ಚಪ್ಪರದ ಕೆಳಗೆ ಗೂಡು ಬೇಯಿಸಿ ನೂಲು ತೆಗೆಯುವ ಭಟ್ಟಿಗಳು. ಮಗ ಪುಟ್ಟಬಸಪ್ಪ ಹನೂರು, ರಾಮಾಪುರ, ಶಾಗ್ಯದ ಕಡೆ ಸುತ್ತಿ ಗೂಡು ಕೊಂಡು ಎತ್ತಿನ ಗಾಡಿಯಲ್ಲಿ ತರುತ್ತಿದ್ದ. ನೂಲು ತೆಗೆಯುವುದಕ್ಕೆ ಖಲೀಲ್ ಸಾಬರು ಮತ್ತು ಮಾರ್ಟಳ್ಳಿಯ ಕ್ರೈಸ್ತರ ಹೆಂಗಸು ಆರೋಗ್ಯಮ್ಮ. ಆರೋಗ್ಯಮ್ಮ ವಾರವೆಲ್ಲ ಕೊಳ್ಳೇಗಾಲದಲ್ಲಿದ್ದು, ಶನಿವಾರ ಸಂಜೆಯ ಬಸ್ಸಿಗೆ ಊರಿಗೆ ಹೋಗಿ, ಭಾನುವಾರದ ಪೂಜೆ ಮುಗಿಸಿಕೊಂಡು ಬರುತ್ತಿದ್ದಳು.

ಸೊಸೆ ಶಿವರತ್ನಮ್ಮ ಯಳಂದೂರಿನವಳು. ಎಲ್ಲರಿಗಿಂತ ಮುಂಚೆ ಎದ್ದು ಬಾವಿಯಿಂದ ನೀರು ಸೇದಿ, ಅಂಗಳ ಸಾರಿಸಿ, ಒಲೆ ಹೊತ್ತಿಸುತ್ತಿದ್ದಳು. ಮಾವನ ಲಿಂಗಪೂಜೆಯ ಹೊತ್ತಿಗೆ ಅಡುಗೆ ಬಿಸಿಬಿಸಿಯಾಗಿ ಇಳಿಯಬೇಕು. ತಂಗಳನ್ನು ಅವರು ಲಿಂಗಕ್ಕೆ ತೋರಿಸುವವರಲ್ಲ. ಲಿಂಗಕ್ಕೆ ತೋರಿಸದ್ದನ್ನು ಬಾಯಿಗೆ ಇಡುವವರೂ ಅಲ್ಲ. ಆಮೇಲೆ ಗಂಡನಿಗೆ ರೊಟ್ಟಿ, ಮಗಳು ಬಸವಮ್ಮನಿಗೆ ಸ್ಕೂಲಿನ ಬುತ್ತಿ, ಭಟ್ಟಿಯವರಿಗೆ ಮಜ್ಜಿಗೆ, ಮಧ್ಯಾಹ್ನಕ್ಕೆ ಮುದ್ದೆ ಉಪ್ಸಾರು, ಸಂಜೆಗೆ ಮತ್ತೆ ಮುದ್ದೆ. ರಾಗಿಕಲ್ಲು ತಿರುಗಿಸಿ ತಿರುಗಿಸಿ ಬಲ ಹೆಗಲು ಸೋತುಹೋಗಿತ್ತು. ಈಚೆಗೆ ತಲೆ ಬಾಚಿಕೊಳ್ಳಲು ಕೈ ಮೇಲೇಳುತ್ತಿರಲಿಲ್ಲ. ಮಗಳೇ ಜಡೆ ಹಾಕುತ್ತಿದ್ದಳು. ಎಣ್ಣೆ ಕಾಯಿಸಿ ತಿಕ್ಕಿಕೋ ಎಂದು ಅತ್ತೆ ವೀರಮ್ಮ ಹೇಳುತ್ತಿದ್ದರು. ಎಣ್ಣೆ ಕಾಯಿಸಬೇಕಾದವಳೂ ಅವಳೇ.

ಅರವತ್ತೇಳನೇ ಇಸವಿಯ ಬೇಸಿಗೆಯಲ್ಲಿ ಜಗಲಿಯ ಕೋಣೆಗೆ ಶಾಲೋಮ್ ಪೇಣ್ಕರ್ ಎಂಬುವರು ಬಾಡಿಗೆಗೆ ಬಂದರು. ಬೊಂಬಾಯಿಯವರು, ಊರಿನ ಒಂದು ಕಾರ್ಖಾನೆಗೆ ಬಾಯ್ಲರ್ ಕೂರಿಸಲು ಬಂದ ಫಿಟ್ಟರ್. ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿನಲ್ಲಿ ಬಹಳ ಕಾಲ ಇದ್ದುದರಿಂದ ಆ ಕಡೆಯ ಕನ್ನಡ ಬರುತ್ತಿತ್ತು. ವೀರಮ್ಮ ಬಾಗಿಲಲ್ಲೇ ನಿಲ್ಲಿಸಿ ಯಾವ ಜನ ಎಂದು ಕೇಳಿದರು. ಯೆಹೂದಿ ಎಂದರು. ಹಾಗೊಂದು ಜನ ಇರುವುದು ವೀರಮ್ಮನಿಗೆ ಗೊತ್ತಿರಲಿಲ್ಲ. ಮಾಂಸ ತಿನ್ನುವವರೋ ಎಂದು ಕೇಳಿದರು. ತಮ್ಮ ಕ್ರಮದಲ್ಲಿ ಕೊಯ್ಯುವವರು ಈ ಊರಲ್ಲಿಲ್ಲ, ಆದ್ದರಿಂದ ಇಲ್ಲಿರುವವರೆಗೆ ಸೊಪ್ಪು ಕಾಳೇ ಗತಿ ಎಂದು ಅವರು ಹೇಳಿದರು. ವೀರಮ್ಮನಿಗೆ ಅಷ್ಟು ಸಾಕಾಯಿತು.

ಪೇಣ್ಕರ್ ಶುಕ್ರವಾರ ಸಂಜೆ ಕೋಣೆಯಲ್ಲಿ ದೀಪ ಹಚ್ಚಿದರೆಂದರೆ ಶನಿವಾರ ಸಂಜೆಯವರೆಗೆ ಸ್ಟೌ ಹೊತ್ತಿಸುತ್ತಿರಲಿಲ್ಲ, ಬೀಡಿ ಸೇದುತ್ತಿರಲಿಲ್ಲ, ಸ್ಪ್ಯಾನರು ಮುಟ್ಟುತ್ತಿರಲಿಲ್ಲ. ಆ ಕೆಲಸವನ್ನು ಭಾನುವಾರ ಹೋಗಿ ತೀರಿಸುತ್ತಿದ್ದರು. ಇದನ್ನು ಎರಡು ವಾರ ನೋಡಿದ ವೀರಮ್ಮ ತಮಗೆ ತಿಳಿದಂತೆ ತಿಳಿದುಕೊಂಡರು. ಪಾಪ, ಮನುಷ್ಯನಿಗೆ ಏಳರಾಟದ ಶನಿ ಹಿಡಿದಿದೆ, ಅದಕ್ಕೇ ಶನಿವಾರದ ವ್ರತ. ಮುಂದಿನ ಶನಿವಾರ ಎಳ್ಳೆಣ್ಣೆಯ ದೀಪ ಹಚ್ಚಿ ಅವರ ಹೊಸ್ತಿಲ ನಡುವೆ ಇಟ್ಟು ಬಂದರು. ಪೇಣ್ಕರ್ ಅದನ್ನು ಆರಿಸುವಂತಿಲ್ಲ, ಎತ್ತಿ ಪಕ್ಕಕ್ಕಿಡುವಂತಿಲ್ಲ. ದಾಟಿದರೆ ಮನೆಯವರು ಏನೆಂದುಕೊಳ್ಳುತ್ತಾರೋ ಎಂಬ ಅಳುಕು. ಎಣ್ಣೆ ತೀರಿ ದೀಪ ತಾನಾಗಿ ಆರುವವರೆಗೆ ಕೋಣೆಯೊಳಗೇ ಕೂತಿದ್ದರು. ವ್ರತ ಎಷ್ಟು ಕಠಿಣ ನೋಡು ಎಂದು ವೀರಮ್ಮ ಸೊಸೆಗೆ ತೋರಿಸಿ, ಇನ್ನು ಮೇಲೆ ಶನಿವಾರ ಬೆಳಿಗ್ಗೆ ಅವರಿಗೊಂದು ಲೋಟ ಬಿಸಿ ಕಾಫಿ ಕೊಟ್ಟು ಬಾ ಎಂದರು. ಶಿವರತ್ನಮ್ಮನ ಕೆಲಸಕ್ಕೆ ಅದೂ ಒಂದು ಸೇರಿತು.

ಒಂದು ಶನಿವಾರ ಹೊತ್ತು ಏರಿದ ಮೇಲೆ ಪೇಣ್ಕರ್ ಹಿತ್ತಲಿಗೆ ಬಂದು ಕಲ್ಲಿನ ಮೇಲೆ ಸುಮ್ಮನೆ ಕೂತಿದ್ದರು. ಸದಾಶಿವಪ್ಪನವರು ಹೊರಸಿನ ಮೇಲಿದ್ದರು. ಶನಿ ಬಿಡುವುದು ಯಾವಾಗ ಎಂದು ವೀರಮ್ಮ ಮರುಕದಿಂದ ವಿಚಾರಿಸಿದರು.

“ಶನಿ ಅಲ್ರಿ ಅಮ್ಮಾರ,” ಎಂದರು ಪೇಣ್ಕರ್. “ದೇವರು ಆರು ದಿನ ದುಡದು ಭೂಮಿ ಆಕಾಶ ಮಾಡ್ಯಾನ. ಏಳನೇ ದಿನ ಕೆಲಸ ಬಿಟ್ಟು ಕುಂತಾನ. ಅದಕ್ಕ ನಾವೂ ಕೂಡ್ತೀವಿ.”

ಆ ಕಥೆ ತಮ್ಮ ಗುಡಿಯಲ್ಲೂ ಹೇಳುತ್ತಾರೆ ಎಂದಳು ಆರೋಗ್ಯಮ್ಮ. ಆದರೆ ಯೇಸು ಸಮಾಧಿಯಿಂದ ಎದ್ದದ್ದು ಭಾನುವಾರ, ಅದಕ್ಕೆ ತಮ್ಮ ದಿನ ಅದು. ಖಲೀಲ್ ಸಾಬರು ಕುದಿಯುವ ನೀರಿನಿಂದ ಎಳೆ ಎತ್ತುತ್ತ ತಲೆಯೆತ್ತದೆ ಮಾತಾಡಿದರು.

“ಆರು ದಿನದ್ದು ನಮ್ಮಲ್ಲೂ ಅಂಗೇ ಐತೆ ಯಜಮಾನ್ರೇ. ಆದ್ರೆ ಅಲ್ಲಾಗೆ ದಣಿವು ತಾಕಲಿಲ್ಲ. ದಣಿಯೋನು ದೇವರು ಎಂಗಾದಾನು? ಅದ್ಕೇ ಶುಕ್ರವಾರ ನಾನು ನಮಾಜ್ ಮುಗಿಸ್ಕಂಡು ತಿರುಗಾ ಭಟ್ಟಿಗೆ ಬರೋದು.”

“ದಣದಾನಂತ ನಾವೂ ಅನ್ನೂದಿಲ್ಲ,” ಎಂದರು ಪೇಣ್ಕರ್. “ಸಾಕು ಅಂದಾನ, ಬಿಟ್ಟಾನ.”

ಸದಾಶಿವಪ್ಪನವರು ನಕ್ಕರು. ತಮ್ಮ ಶಿವ ಆರು ದಿನದಲ್ಲಿ ಮುಗಿಸಿ ಕೂತವನಲ್ಲ, ಅವನ ಕೆಲಸ ಇನ್ನೂ ನಡೆದೇ ಇದೆ, ಹಾಗಾಗಿ ತಮಗೆ ರಜದ ಮಾತಿಲ್ಲ ಎಂದರು. ಎತ್ತು ಮಾತ್ರ ಶಿವನ ವಾಹನ. ಸೋಮವಾರ ಅದರ ಕತ್ತಿನ ಮೇಲೆ ನೊಗ ಇಡುವುದಿಲ್ಲ, ಅವರ ತಾತನ ಕಾಲದಿಂದಲೂ ಇಟ್ಟದ್ದಿಲ್ಲ.

“ಶುಕ್ರ, ಶನಿ, ಭಾನು, ಸೋಮ,” ಎಂದರು ಖಲೀಲ್ ಸಾಬರು. “ಉಳಿದ ಮೂರನ್ನೂ ಯಾರಾದ್ರೂ ಇಡ್ಕಂಡ್ರೆ ಭಟ್ಟಿಗೆ ಬೀಗ ಆಕ್ಬೋದು.”

ಎಲ್ಲರೂ ನಕ್ಕರು. ಮಜ್ಜಿಗೆ ತಂದಿದ್ದ ಶಿವರತ್ನಮ್ಮ ನಗಲಿಲ್ಲ. ಗಂಡಸರ ಮಾತಿನ ನಡುವೆ ಬಾಯಿ ಹಾಕುವ ಅಭ್ಯಾಸ ಅವಳಿಗಿರಲಿಲ್ಲ. ಆದರೂ ಕೇಳಿದಳು.

“ಆ ರಜ ಯಾರ್ಯಾರಿಗೆ ಮೇಸ್ತ್ರಿಗಳೇ?”

ಪೇಣ್ಕರ್ ಬೆರಳು ಮಡಿಚಿದರು. ನಿನಗೆ, ನಿನ್ನ ಮಗನಿಗೆ, ಮಗಳಿಗೆ, ಆಳಿಗೆ, ಆಳುಹೆಣ್ಣಿಗೆ, ಎತ್ತಿಗೆ, ಕತ್ತೆಗೆ, ನಿನ್ನ ಬಾಗಿಲೊಳಗೆ ಇರುವ ಪರದೇಶಿಗೆ.

“ಎಂಡ್ರಿಗೆ?”

ಪೇಣ್ಕರ್ ಮಡಿಚಿದ ಬೆರಳನ್ನೇ ನೋಡಿಕೊಂಡರು. “ನಿನಗ ಅನ್ನೂದ್ರಾಗ ಹೇಂತಿನೂ ಬಂದ್ಳು ಅಂತ ನಮ್ಮ ಹಿರ್ಯಾರು ಹೇಳ್ತಾರ್ರಿ.”

“ಎತ್ತು ಕತ್ತೆನೆಲ್ಲ ಬ್ಯಾರೆಬ್ಯಾರೆಯಾಗಿ ಏಳವ್ರೆ,” ಎಂದಳು ಶಿವರತ್ನಮ್ಮ. ಸೊಸೆಯನ್ನು ಒಳಗೆ ಹೋಗು ಎಂಬಂತೆ ವೀರಮ್ಮ ನೋಡಿದರು. ಆರೋಗ್ಯಮ್ಮ ಮಾತ್ರ ಬಗ್ಗಿ ಸಣ್ಣ ದನಿಯಲ್ಲಿ, “ಯೇಸು ಎದ್ದ ದಿನ ನಾನು ಅವರಿಗಿಂತ ಮೊದಲೇ ಎದ್ದು ನೀರು ತರ್ತೀನಿ ಅಮ್ಮಾ. ಪೂಜೆ ಮುಗಿಸಿ ಬಂದ್ರೆ ಕರಿ ಕೊಳಂಬು, ಬಾಡಿನ ಸಾರು ಆಗಬೇಕು, ವಾರಕ್ಕೊಂದೇ ದಿನ ಅಲ್ವಾ,” ಎಂದಳು.

ಮುಂದಿನ ಶನಿವಾರ ಶಿವರತ್ನಮ್ಮ ಕಾಫಿ ಒಯ್ದಾಗ ಪೇಣ್ಕರ್ ಲೋಟ ಮುಟ್ಟಲಿಲ್ಲ. ಹಿಂದಿನ ದಿನವೇ ಮಾಡಿಟ್ಟ ಚಪಾತಿ ತಟ್ಟೆಯಲ್ಲಿತ್ತು.

“ಬ್ಯಾಡ್ರಿ ಅಕ್ಕಾರ. ಬಾಗಿಲೊಳಗಿನ ಪರದೇಶಿಗೂ ರಜಾ ಅಂತ ನಾನೇ ಹೇಳಿದೆ. ಈ ಬಾಗಿಲಾಗ ಪರದೇಶಿ ನಾನೋ ನೀವೋ ತಿಳೀವಲ್ದು. ನನ್ನ ರಜಾಕ್ಕ ನಿಮ್ಮ ಒಲಿ ಉರಿಯೂದು ಬ್ಯಾಡ.”

ಒಂದು ಲೋಟ ಕಾಫಿ ತಪ್ಪಿದರೆ ಅವಳ ಕೆಲಸ ಕಡಿಮೆಯಾದ ಹಾಗಲ್ಲ. ಆದರೆ ಅವಳು ಈ ಮನೆಗೆ ಬಂದ ಮೇಲೆ ಅವಳ ಕೆಲಸಕ್ಕೆ ಸೇರಿಸಿದವರಿದ್ದರು, ಅದರಿಂದ ತೆಗೆದವರು ಇವರೇ ಮೊದಲು. ಅವಳು ಆ ಕಾಫಿಯನ್ನು ಅಡುಗೆಮನೆಯಲ್ಲಿ ನಿಂತು ತಾನೇ ಕುಡಿದಳು.

ಸೋಮವಾರ ಬಂತು. ಎತ್ತುಗಳಿಗೆ ನೊಗವಿಲ್ಲ, ಗಾಡಿ ಹೊಡೆಯುವ ಮಾದಣ್ಣನಿಗೂ ಬಿಡುವು. ಎತ್ತಿನ ಮೈ ತೊಳೆಯಲು ಬಿಸಿನೀರು ಕಾಯಿಸಿದವಳು ಶಿವರತ್ನಮ್ಮ. ಅವಕ್ಕೆಂದು ಹುರುಳಿ ಬೇಯಿಸಿ, ಬಕೆಟ್ಟನ್ನು ಎಡಗೈಯಲ್ಲಿ ಹೊತ್ತು ಕೊಟ್ಟಿಗೆಗೆ ಒಯ್ದವಳೂ ಅವಳೇ. ಎತ್ತುಗಳು ವಿಭೂತಿ ಬಳಿಸಿಕೊಂಡು ಮಲಗಿ ಮೆಲುಕು ಹಾಕುತ್ತಿದ್ದವು. ಅವಳು ಸ್ವಲ್ಪ ಹೊತ್ತು ಅಲ್ಲೇ ನಿಂತು ನೋಡಿದಳು.

ಮಧ್ಯಾಹ್ನ ಎಲ್ಲರಿಗೂ ಬಡಿಸುತ್ತ, ತನಗೂ ವಾರಕ್ಕೊಂದು ದಿನ ಬೇಕು ಎಂದಳು. ಪುಟ್ಟಬಸಪ್ಪ ಮುದ್ದೆ ಮುರಿಯುತ್ತಿದ್ದವನು ನಕ್ಕುಬಿಟ್ಟ.

“ಯಾವ ದೇವರ ಲೆಕ್ಕದಲ್ಲಿ?”

“ಎತ್ತಿನ ಲೆಕ್ಕದಲ್ಲೇ ಆಗ್ಲಿ.”

“ನೀವು ಮಹಾರಾಜರ ಸೀಮೆಯೋರು, ಕೂತು ಬೆಳೆದೋರು,” ಎಂದರು ವೀರಮ್ಮ. “ನಾವು ಕೊಯಮತ್ತೂರು ಜಿಲ್ಲೆಯೋರು ಕಣವ್ವ. ದುಡಿದು ಸಾಯೋ ಜನ.” ಯಳಂದೂರು ಹಿಂದಿನಿಂದಲೂ ಮೈಸೂರಿನದು. ಕೊಳ್ಳೇಗಾಲವೂ ಮೈಸೂರಿಗೆ ಸೇರಿ ಹತ್ತು ವರ್ಷ ಕಳೆದಿತ್ತು. ವೀರಮ್ಮನ ಪಾಲಿಗೆ ಮಾತ್ರ ಆ ಗಡಿ ಇನ್ನೂ ಅಡುಗೆಮನೆಯ ನಡುವೆಯೇ ಹಾದುಹೋಗುತ್ತಿತ್ತು. ತಾವು ಹೆರಿಗೆಯ ಬೆಳಿಗ್ಗೆಯೂ ರಾಗಿ ಬೀಸಿದ್ದು, ಜ್ವರದಲ್ಲೂ ಮುದ್ದೆ ತೊಳಸಿದ್ದು, ಎಲ್ಲವನ್ನೂ ತೆಗೆದು ಹರವಿದರು. ಯಾರೂ ಅವರನ್ನು ತಡೆಯಲಿಲ್ಲ.

ಸದಾಶಿವಪ್ಪನವರು ಉಂಡು ಕೈ ತೊಳೆದ ಮೇಲೆ ಮಾತಾಡಿದರು. “ಎತ್ತಿಗೆ ಕೊಟ್ಟಿದ್ದನ್ನ ಅವಳಿಗಿಲ್ಲ ಅನ್ನೋಕೆ ನಂಗೆ ಬಾಯಿ ಬರಾಕಿಲ್ಲ. ಸೋಮವಾರ ಮಾಡ್ಕೊಳ್ಳಲಿ.” ನ್ಯಾಯವಂತರು. ಆ ದಿನ ತಮಗೆ ಬಿಸಿ ಅಡುಗೆ ಮಾಡುವವರು ಯಾರು ಎಂದು ಮಾತ್ರ ಕೇಳಲಿಲ್ಲ.

ಮೊದಲ ಸೋಮವಾರ ಶಿವರತ್ನಮ್ಮನಿಗೆ ಕೈ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಒಳಕೋಣೆಯಲ್ಲಿ ಚಾಪೆ ಹಾಕಿ ಮಲಗಿದವಳು ಮಧ್ಯಾಹ್ನದವರೆಗೂ ಎದ್ದೇಳಲಿಲ್ಲ. ಸ್ಕೂಲಿಗೆ ಇನ್ನೂ ಬೇಸಿಗೆ ರಜ ಇತ್ತು. ಅಜ್ಜಿ ಮೊಮ್ಮಗಳು ಸೇರಿ ಅಡುಗೆ ಮಾಡಿದರು. ಮಗಳಿಗೆ ಅದೊಂದು ಆಟ. ಸ್ಕೂಲು ಬಾಗಿಲು ತೆಗೆದ ಮೇಲೂ ಸೋಮವಾರಗಳು ಹಾಗೇ ನಡೆದವು. ಬೆಳಿಗ್ಗೆ ಬಸವಮ್ಮ ಚೀಲ ನೇತುಹಾಕಿಕೊಂಡು, “ಓಗ್ಬತ್ತೀನಿ ಕಣವ್ವ,” ಎಂದು ಹೊರಡುವುದನ್ನು ಕಂಡೇ ಅವಳು ಕಣ್ಣು ಮುಚ್ಚುತ್ತಿದ್ದಳು. ಅತ್ತೆಯೇ ಅಡುಗೆ ಮಾಡುತ್ತಾರೆ, ಗೊಣಗಿದರೂ ಮಾಡುತ್ತಾರಲ್ಲ ಎಂದು ಮನಸ್ಸು ಮೆತ್ತಗಾಗಿತ್ತು. ಹೆಗಲಿನ ನೋವು ಒಂದಿಷ್ಟು ಹಿಂಜರಿದಿತ್ತು.

ಒಂದು ಸೋಮವಾರ ನೀರಡಿಸಿ ಎದ್ದಳು. ರಾಗಿಕಲ್ಲಿನ ಸದ್ದು ಕೇಳುತ್ತಿತ್ತು. ಇಣುಕಿದರೆ ಸ್ಕೂಲಿನ ಲಂಗವನ್ನು ಮೊಣಕಾಲಿನ ಮೇಲಕ್ಕೆ ಸಿಕ್ಕಿಸಿಕೊಂಡು ಬೀಸುತ್ತಿದ್ದವಳು ಬಸವಮ್ಮ. ನಡುನಡುವೆ ನಿಲ್ಲಿಸಿ ಅಂಗೈಯ ಬೊಬ್ಬೆಗೆ ಉಫ್ ಎಂದು ಊದಿಕೊಳ್ಳುತ್ತಿದ್ದಳು. ಚೀಲ ಕಣಜದ ಹಿಂದೆ ಇತ್ತು. ಮುಂಬಾಗಿಲಿಂದ ಹೊರಟು ಹಿತ್ತಲ ಬಾಗಿಲಿಂದ ಬರುತ್ತಿದ್ದಳು.

“ನನ್ ಸೊಂಟ ಕಲ್ಲಿನ ಮುಂದೆ ಕೂರಾಕಿಲ್ಲ,” ಎಂದರು ವೀರಮ್ಮ, ಸೊಪ್ಪು ಸೋಸುತ್ತ. “ನಿಮ್ಮಾವ ಬಿಸಿದಿಲ್ದೆ ಉಣ್ಣಾಕಿಲ್ಲ. ಇನ್ಯಾರವ್ವ ಮಾಡೋರು?”

ಮಗಳು ಅಜ್ಜಿಯ ಪರವೇ ನಿಂತಳು. “ಸೋಮವಾರ ಲೆಕ್ಕ ಜಾಸ್ತಿ ಕಣವ್ವ. ಓಗ್ದಿದ್ರೂ ಆಯ್ತದೆ.” ಲೆಕ್ಕವೆಂದರೆ ಅವಳಿಗೆ ಪ್ರಾಣ ಎಂದು ತಾಯಿಗೆ ಗೊತ್ತಿತ್ತು.

ಮುಂದಿನ ಸೋಮವಾರ ಶಿವರತ್ನಮ್ಮ ಎಲ್ಲರಿಗಿಂತ ಮುಂಚೆ ಎದ್ದು ಒಲೆ ಹೊತ್ತಿಸಿದಳು. ಮಗಳನ್ನು ಬೀದಿ ತಿರುಗುವವರೆಗೂ ನೋಡಿ ಬಂದಳು. ಎತ್ತುಗಳಿಗೆ ಹುರುಳಿ ಬೆಂದಿತು.

ಆಷಾಢದ ಗಾಳಿ ಶುರುವಾಯಿತು. ಪಕ್ಕದ ಮನೆಯ ಗೋವಿಂದಮ್ಮ ಬೇರೆ ಜನ. ತಿಂಗಳಿಗೊಮ್ಮೆ ಮೂರು ದಿನ ಮೈಲಿಗೆಯೆಂದು ಹಿತ್ತಲ ಜಗಲಿಯಲ್ಲಿ ಗೋಣಿತಟ್ಟು ಹಾಸಿ ಕೂರುವವಳು. ಅವಳ ಅತ್ತೆ ಅನ್ನದ ತಟ್ಟೆಯನ್ನು ದೂರದಲ್ಲಿಟ್ಟು ಕೋಲಿನಿಂದ ನೂಕುತ್ತಿದ್ದಳು. ಗೋಡೆಯಾಚೆ ನೀರು ಸೇದುತ್ತ ಶಿವರತ್ನಮ್ಮ, “ಮೂರು ದಿನ ಸುಮ್ನೆ ಕೂತಿರ್ತೀಯಲ್ಲ,” ಎಂದಳು. ಅವಳ ದನಿಯಲ್ಲಿ ಇದ್ದದ್ದು ಹೊಟ್ಟೆಕಿಚ್ಚು ಎಂದು ಗೋವಿಂದಮ್ಮನಿಗೆ ನಂಬಲಾಗಲಿಲ್ಲ.

“ನಾಯಿ ಅಂಗೆ ಕೂತಿರ್ತೀನಿ. ಬೇಕಾದ್ರೆ ನೀನೇ ತಕೋ.”

ಲಿಂಗಾಯತರ ಮನೆಯಲ್ಲಿ ಅದನ್ನು ತೆಗೆದುಕೊಳ್ಳುವಂತಿರಲಿಲ್ಲ. ಕೊರಳಲ್ಲಿ ಲಿಂಗವಿರುವ ಹೆಣ್ಣಿಗೆ ಮುಟ್ಟಿನ ಮೈಲಿಗೆಯಿಲ್ಲ, ಅವಳು ಎಲ್ಲ ದಿನವೂ ಶುದ್ಧಳು. ಇದನ್ನು ಸದಾಶಿವಪ್ಪನವರು ಬಂದವರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದರು. ಎಲ್ಲ ದಿನವೂ ಶುದ್ಧಳಾದ್ದರಿಂದ ಎಲ್ಲ ದಿನವೂ ಒಲೆ. ನಿಮ್ಮಲ್ಲಿ ಹೇಗೆ ಎಂದು ಶಿವರತ್ನಮ್ಮ ಆರೋಗ್ಯಮ್ಮನನ್ನು ಕೇಳಿದಳು. ಆರೋಗ್ಯಮ್ಮ ಮೊದಲು ಖಲೀಲ್ ಸಾಬರ ಮನೆಯಲ್ಲಿ ಕೆಲಸಕ್ಕಿದ್ದವಳು, ಅಲ್ಲಿನದೂ ಗೊತ್ತಿತ್ತು. “ಸಾಬರ ಹೆಂಗಸ್ರಿಗೆ ಆ ದಿನ ನಮಾಜಿಂದ ರಜ, ಒಲೆಯಿಂದ ಇಲ್ಲ. ನಮಗೆ ಎರಡರಿಂದಲೂ ಇಲ್ಲ.” ಮೇಸ್ತ್ರಿಗಳ ಜನರಲ್ಲಿ ಹೇಗೋ ಇಬ್ಬರಿಗೂ ಗೊತ್ತಿರಲಿಲ್ಲ. ಗಂಡಸನ್ನು ಕೇಳುವ ಮಾತಲ್ಲ ಅದು.

ಒಂದು ಬುಧವಾರ ಬೆಳಿಗ್ಗೆ ಶಿವರತ್ನಮ್ಮ ನೀರು ಸೇದಿಟ್ಟು, ಹಿಂದಿನ ದಿನದ ರೊಟ್ಟಿ ಕಟ್ಟಿ ಮಗಳನ್ನು ಸ್ಕೂಲಿಗೆ ಕಳಿಸಿದಳು. ಒಲೆ ಹೊತ್ತಿಸಲಿಲ್ಲ. ಕೊಟ್ಟಿಗೆಯ ಜಗಲಿಯ ಮೇಲೆ ಗೋಣಿತಟ್ಟು ಹಾಸಿ ಕೂತುಬಿಟ್ಟಳು.

ಹೊಗೆ ಕಾಣದೆ ಹುಡುಕಿಕೊಂಡು ಬಂದ ವೀರಮ್ಮ ಏನಾಯಿತೆಂದು ಕೇಳಿದರು. “ಒರಗೆ ಕೂತಿವ್ನಿ,” ಎಂದಳು. ವೀರಮ್ಮ ಮಗನನ್ನು ಕರೆದರು. ಪುಟ್ಟಬಸಪ್ಪ ಬಂದು ಕೂಗಾಡಿದ. ಇದೇನು ಕಂಡ ಕಂಡವರ ಆಚಾರ, ಬೀದಿಯವರು ನೋಡಿದರೆ ನಮ್ಮ ಮನೆಯಲ್ಲೂ ಮೈಲಿಗೆ ಕೂರಿಸುತ್ತಾರೆ ಅನ್ನುವುದಿಲ್ಲವೇ, ಅಪ್ಪನ ಮರ್ಯಾದೆ ಏನಾಗಬೇಕು. ಕೊನೆಗೆ ಸದಾಶಿವಪ್ಪನವರೇ ವಿಭೂತಿ ಧರಿಸಿದ ಹಣೆಯಲ್ಲಿ, ಪೂಜೆಗೆ ಕೂರಬೇಕಾದವರು, ಹಿತ್ತಲಿಗೆ ಬಂದು ನಿಂತರು. ಅವರ ದನಿ ಗಡುಸಾಗಿರಲಿಲ್ಲ.

“ಎದ್ದು ಒಳಗೆ ಬಾ ತಾಯಿ. ನಮ್ಮಲ್ಲಿ ಅದಿಲ್ಲ. ಲಿಂಗ ಕಟ್ಟಿದೋಳಿಗೆ ಮೈಲಿಗೆ ಇಲ್ಲ.”

ಮೈಲಿಗೆ ಎಂದುಬಿಡಬೇಕೆಂದೇ ಅವಳು ಬಂದು ಕೂತಿದ್ದಳು. ಕೈ ತಾನಾಗಿ ಕೊರಳ ಲಿಂಗಕ್ಕೆ ಹೋಯಿತು. ಅದನ್ನು ಹಿಡಿದುಕೊಂಡು ಆ ಮಾತು ಹೇಳಲಾಗಲಿಲ್ಲ.

“ಮೈಲಿಗೆ ಇಲ್ಲ ಮಾವ,” ಎಂದಳು. “ದಣಿವೈತೆ.”

ಭಟ್ಟಿಯ ಕಡೆ ಖಲೀಲ್ ಸಾಬರ ಚರಕ ನಿಂತಿತು. ಮೈಲಿಗೆಗೆ ಸದಾಶಿವಪ್ಪನವರಲ್ಲಿ ಉತ್ತರವಿತ್ತು, ಅಪ್ಪ ಅಜ್ಜಂದಿರು ಕೊಟ್ಟಿದ್ದ ಉತ್ತರ. ದಣಿವಿಗೆ ಏನೂ ಕೊಟ್ಟಿರಲಿಲ್ಲ. ಪುಟ್ಟಬಸಪ್ಪ ಮತ್ತೆ ಬಾಯಿ ತೆಗೆದಾಗ, “ಸುಮ್ಕಿರ್ಲಾ,” ಎಂದು ಒಳಗೆ ಹೋದರು.

ಪೂಜೆಯ ಗಂಟೆ ಕೇಳಿಸಿತು. ಬಹಳ ಹೊತ್ತಿನ ಮೇಲೆ ಅವರು ಹೊರಗೆ ಬಂದರು. ಕೈಯಲ್ಲಿ ಬಾಳೆಹಣ್ಣು, ನೆನೆಸಿದ ಕಡಲೆ. ಅದನ್ನೇ ಲಿಂಗಕ್ಕೆ ತೋರಿಸಿ, ತಾವು ಒಂದಷ್ಟು ತಿಂದು, ಉಳಿದದ್ದನ್ನು ತಂದಿದ್ದರು. ಗೋಡೆಯಾಚೆ ಗೋವಿಂದಮ್ಮ ನಿಂತಿದ್ದಳು. ಸದಾಶಿವಪ್ಪನವರು ದೂರದಲ್ಲಿಡಲಿಲ್ಲ, ಹತ್ತಿರ ಬಂದು, ಬಗ್ಗಿ, ಸೊಸೆಯ ಅಂಗೈಯಲ್ಲೇ ಇಟ್ಟು ಹೋದರು.

ಪುಟ್ಟಬಸಪ್ಪ ಹೋಟೆಲಿಗೆ ಹೋದ. ವೀರಮ್ಮ ಒಳಗೊಮ್ಮೆ ಹೋದರು, ಹೊರಗೊಮ್ಮೆ ಬಂದರು. ತಣ್ಣಗಿನ ಒಲೆಯ ಮುಂದೆ ನಿಂತರು. ಆಮೇಲೆ ಬಂದು ಗೋಣಿತಟ್ಟಿನ ಇನ್ನೊಂದು ತುದಿಯಲ್ಲಿ ಕಾಲು ಚಾಚಿ ಕೂತರು. ಸೊಸೆ ಕೊಟ್ಟ ಅರ್ಧ ಹಣ್ಣನ್ನು ತಿಂದರು. ಸ್ಕೂಲಿನಿಂದ ಬಸವಮ್ಮ ಬಂದಾಗಲೂ ಇಬ್ಬರೂ ಹಾಗೇ ಕೂತಿದ್ದರು.

ಆಮೇಲೂ ಆಗೊಮ್ಮೆ ಈಗೊಮ್ಮೆ ಶಿವರತ್ನಮ್ಮ ಆ ಜಗಲಿಯ ಮೇಲೆ ಕೂರುತ್ತಿದ್ದಳು. ವಾರಕ್ಕೊಂದಲ್ಲ, ಗೊತ್ತಾದ ದಿನವೂ ಅಲ್ಲ. ಸದಾಶಿವಪ್ಪನವರ ಮನೆಯಲ್ಲೂ ಮೈಲಿಗೆ ಕೂರಿಸಲು ಶುರುಮಾಡಿದ್ದಾರೆ ಎಂದು ಬೀದಿಯಲ್ಲಿ ಆಡಿಕೊಂಡರು; ಮಠದ ಜಗಲಿಯಲ್ಲಿ ಒಬ್ಬರು ಅವರ ಮುಖದ ಮೇಲೇ ಕೇಳಿದರು. ಅಲ್ಲ ಎಂದು ಅವರು ಹೇಳಬಹುದಿತ್ತು. ಹೇಳಿದರೆ ಮತ್ತೇನು ಎಂದು ಕೇಳುತ್ತಿದ್ದರು. ಅವರು ತಲೆ ತಗ್ಗಿಸಿ ಎದ್ದು ಬಂದರು.

ದೀಪಾವಳಿಯ ಮುಂಚೆ ಬಾಯ್ಲರಿನ ಕೆಲಸ ಮುಗಿದು ಪೇಣ್ಕರ್ ಹೊರಟುಹೋದರು. ಬೊಂಬಾಯಿಯಲ್ಲಿದ್ದ ಅವರ ಹೆಂಡತಿ ಶನಿವಾರ ಕೂರುತ್ತಿದ್ದಳೋ, ಹಿಂದಿನ ದಿನವೇ ಎರಡು ದಿನದ್ದನ್ನೂ ದುಡಿದು ಸೋಲುತ್ತಿದ್ದಳೋ, ಶಿವರತ್ನಮ್ಮ ಕೇಳಲಿಲ್ಲ. ಅಂದು ಗೋಣಿತಟ್ಟಿನ ಮೇಲೆ ವೀರಮ್ಮ ಸೊಸೆಗೋಸ್ಕರ ಕೂತದ್ದೋ, ತಮಗೇ ಸಾಕಾಗಿ ಕೂತದ್ದೋ, ಅದೂ ಗೊತ್ತಿಲ್ಲ. ಅವರನ್ನು ಯಾರೂ ಕೇಳಲಿಲ್ಲ.